ಮುಳ್ಳು ಹಚ್ಚಿದ ಮನೆ

ತನ್ನ ಮನೆ ಪೇಪರಿನಲ್ಲಿ ಬಂದಿದೆ ಎಂಬ ಸುದ್ದಿ ಐನಾಪುರದ ಶಿವಗಂಗವ್ವನಿಗೆ ಮುಟ್ಟಿದಾಗ ಅವಳು ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ತಂದವನು ಮೈದುನ ವಿರುಪಾಕ್ಷಪ್ಪ. ಸತ್ತ ಇಲಿಯನ್ನು ಬಾಲ ಹಿಡಿದು ತರುವ ಹಾಗೆ ಪೇಪರನ್ನು ಎರಡೇ ಬೆರಳಿನಲ್ಲಿ ಹಿಡಿದು ತಂದಿದ್ದ.

"ವೈನೀ, ನಿಮ್ಮ ಮನಿ ಪೇಪರ್ದಾಗ ಬಂದೈತಿ."

"ಯಾಕ, ಬಿತ್ತೇನು?" ಎಂದಳು ಶಿವಗಂಗವ್ವ, ರೊಟ್ಟಿಯ ಮೇಲಿನ ಕೈ ತೆಗೆಯದೆ.

ಮನೆ ಬಿದ್ದಿರಲಿಲ್ಲ. ಬಿಟ್ಟಿದ್ದರು, ಅಷ್ಟೇ. ಶ್ರಾವಣದಲ್ಲಿ ಅವಳ ಅತ್ತೆ ಅಕ್ಕವ್ವ ತೀರಿಕೊಂಡಿದ್ದಳು. ತುಂಬಿದ ವಯಸ್ಸು, ಉಂಡು ಮಲಗಿದವಳು ಏಳಲಿಲ್ಲ. ಯಾರೂ ಹೆಸರಿಡದಂಥ ಸಾವು. ಒಂದೇ ಒಂದು ಕೊರತೆ ಎಂದರೆ ನಕ್ಷತ್ರದ್ದು: ಮುದುಕಿ ಧನಿಷ್ಠೆಯಲ್ಲಿ ಹೋಗಿದ್ದಳು. ಆ ನಕ್ಷತ್ರದಲ್ಲಿ ಹೋದ ಜೀವ ಮನೆಯಿಂದ ಇನ್ನೂ ನಾಲ್ಕನ್ನು ಕರೆದುಕೊಂಡು ಹೋಗುತ್ತದೆ ಎಂದು ಹಿಂದಿನಿಂದ ಬಂದ ಹೆದರಿಕೆ. ಅದಕ್ಕೆ ಮನೆ ಬಿಡಬೇಕು. ಆರು ತಿಂಗಳು ಒಳಗೆ ದೀಪ ಹಚ್ಚುವಂತಿಲ್ಲ, ಒಲೆ ಉರಿಸುವಂತಿಲ್ಲ, ಮನೆಯವರು ಹೊಸ್ತಿಲು ದಾಟುವಂತಿಲ್ಲ. ಬಾಗಿಲಿಗೆ ಜಾಲಿಮುಳ್ಳು ಹಚ್ಚಿ ಶಿವಗಂಗವ್ವನೂ ಅವಳ ಗಂಡ ಧರೆಪ್ಪನೂ ತೋಟದ ಶೆಡ್ಡಿಗೆ ಬಂದಿದ್ದರು. ಅಣ್ಣತಮ್ಮಂದಿರ ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತ್ತು. ವಿರುಪಾಕ್ಷಪ್ಪನ ಪಾಲಿಗೆ ಬೇರೆ ಬಾಗಿಲು ಇದ್ದುದರಿಂದ ಅವನು ಅಲ್ಲೇ ಇರಬಹುದು ಎಂದು ಮಠದ ಅಯ್ಯನವರು ಹೇಳಿದ್ದರು. ಆದರೆ ಬಾಗಿಲು ಬೇರೆಯಾದರೂ ಗೋಡೆ ಒಂದೇ. ಆ ಗೋಡೆಯ ಈಚೆ ಮಲಗುವ ಅವನಿಗೆ ಅಂದಿನಿಂದ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

ಶಿವಗಂಗವ್ವ ಕೈಯ ಹಿಟ್ಟು ಒರೆಸಿಕೊಂಡು ಎದ್ದು ಪೇಪರು ಇಸಿದುಕೊಂಡಳು. ಕೊಲ್ಲಾಪುರದ ಮರಾಠಿ ಪೇಪರಿನ ಭಾನುವಾರದ ಪುರವಣಿ. ಅರ್ಧ ಪುಟದಷ್ಟು ದೊಡ್ಡ ಕಪ್ಪು ಬಿಳಿ ಚಿತ್ರ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು ಮುದುಕಿಯ ಬರಿಯ ಹೊರಸಿನ ಮೇಲೆ ಬಿದ್ದಿತ್ತು. ಹಿಂದೆ ಒಲೆ. ಪಕ್ಕದಲ್ಲಿ ಕೆತ್ತನೆಯ ಕಂಬ, ಅರ್ಧ ಹೊರಗೆ, ಅರ್ಧ ಪಾಲಿನ ಗೋಡೆಯೊಳಗೆ ಹೂತದ್ದು. ಅಂಥ ಕಂಬ ಊರಲ್ಲಿ ಇನ್ನೊಂದಿಲ್ಲ. ಮನೆ ಯಾರದು ಎಂದು ಕೂಸಿಗೂ ಗೊತ್ತಾಗುವಂತಿತ್ತು.

"ಅಯ್ಯ, ಈ ಒಡಕ ಗಡಿಗಿ ನಮ್ದಲ್ಲ!" ಎಂದಳು ಶಿವಗಂಗವ್ವ ಮೊಟ್ಟಮೊದಲು. "ಈ ಹರಕ ಚಪ್ಪಲೀನೂ ನಮ್ದಲ್ಲ. ಇದನ್ಯಾರು ತಂದು ನನ್ನ ಒಲಿ ಮುಂದ ಇಟ್ರು? ಜೇಡರ ಜ್ವಾಡು ನೋಡ, ಹೆಂಗ ಜೋತಾಡಾಕತ್ತಾವು! ಮಂದಿ ನನಗೇನಂದಾರು, ಬಾರಗಿ ಹಿಡೀದಾಕಿ ಅಂದಾರು."

"ಕೆಳಗ ಏನ ಬರದಾರ, ಅದನ್ನ ಓದ್ರಿ."

ಕೆಳಗೆ ಒಂದೇ ಶಬ್ದ. ಓಸಾಡ. ಕಾಗವಾಡ, ಅಥಣಿ ಕಡೆ ಮರಾಠಿ ತಿಳಿಯದವರು ಯಾರಿದ್ದಾರೆ? ಹಾಳು ಬಿದ್ದದ್ದು ಎಂದು ಅರ್ಥ. ಇದ್ದ ಮನೆಗೆ ಹಾಳುಮನೆ ಅನ್ನುವುದು ಆ ಕಡೆ ಹೆಣ್ಣುಮಕ್ಕಳು ಜಗಳದ ತುದಿಗೆ ಬಂದಾಗ ಮಾತ್ರ ಆಡುವ ಮಾತು. ಅಂದ ಮೇಲೆ ನೀರು ಕುಡಿದು ಸುಮ್ಮನಾಗುತ್ತಾರೆ. ಅದನ್ನು ಅಚ್ಚು ಹಾಕಿ ಊರೂರಿಗೆ ಕಳಿಸಿದ್ದರು.

"ಅದಕ್ಕಿಂತ ದೊಡ್ಡದೈತಿ," ಎಂದ ವಿರುಪಾಕ್ಷಪ್ಪ. "ಯಾವನೋ ಒಳಗ ಹೊಕ್ಕಾನ. ಫೋಟೋ ತಗ್ಯಾಕ ಫಳಕ್ ಅಂತ ಬೆಳಕ ಹಚ್ಚತಾರ. ಅಂದ್ರ ದೀಪ ಹಚ್ಚಿದಂಗ ಆತು. ಎಣಿಕಿ ಮುರದು ಹೋತ್ರಿ ವೈನೀ. ಇನ್ನ ಮೊದಲಿಂದ ಆರ ತಿಂಗಳ ಹಿಡೀರಿ."

ಶಿವಗಂಗವ್ವ ಆಗ ಕೂತಳು.

ಅವಳ ಲೆಕ್ಕವೆಲ್ಲ ಮಾಘದ ಮೇಲೆ ನಿಂತಿತ್ತು. ಮಾಘದಲ್ಲಿ ಆರು ತಿಂಗಳು ತುಂಬುತ್ತದೆ, ಮುಳ್ಳು ತೆಗೆದು ಮನೆ ಸಾರಿಸಿ ಒಲೆ ಹೂಡುವುದು, ಮಗಳು ಸಾವಿತ್ರೆವ್ವನನ್ನು ಕರೆತರುವುದು, ಹೋಳಿಯ ಸುತ್ತಮುತ್ತ ಹೆರಿಗೆ. ಸಾವಿತ್ರೆವ್ವನನ್ನು ಬೋರಗಾಂವಕ್ಕೆ ಕೊಟ್ಟಿದ್ದರು. ಮಗ್ಗದ ಮನೆ. ಹಗಲೂ ರಾತ್ರಿ ಪಾವರ್‌ಲೂಮು ಬಡಿಯುತ್ತ ನೆಲವೇ ನಡುಗುತ್ತಿರುತ್ತದೆ. ಮೊದಲ ಬಸಿರು ಆ ಮನೆಯಲ್ಲೇ ಇಳಿದುಹೋಗಿತ್ತು. ಈ ಸಲ ನಿಪ್ಪಾಣಿಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು, ಹುಡುಗಿ ನೆಮ್ಮದಿಯಾಗಿ ಮಲಗುವ ಜಾಗ ನೋಡಿರಿ ಎಂದು. ಬೀಗಿತಿಯೂ ಹೇಳಿದ್ದಳು, ತನ್ನ ರೀತಿಯಲ್ಲಿ: "ತವರ ಮನಿ ಇದ್ರ ಕಳಸೂನು. ದ್ರಾಕ್ಷಿ ಶೆಡ್ಡಿಗಿ ಕಳಸಾಕ ನನ್ನ ಸೊಸಿ ಕೂಲಿ ಆಳೇನ?"

ಬೀಗಿತಿಯ ಮಾತು ಕಹಿಯಾದರೂ ಸುಳ್ಳಲ್ಲ. ಹೋಳಿಯ ಹೊತ್ತಿಗೆ ಶೆಡ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಣ್ಣು ಬಿಡಿಸುವವರು, ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಎಣ್ಣೆಯ ನೀರಲ್ಲಿ ಅದ್ದುವವರು, ಗಂಧಕದ ಹೊಗೆ, ಔಷಧಿ ಡಬ್ಬಿಗಳು. ಅಲ್ಲಿ ಹಸುಗೂಸು ಹುಟ್ಟಿ ಮೊದಲ ಉಸಿರು ಏನನ್ನು ಎಳೆದುಕೊಳ್ಳಬೇಕು?

ಧರೆಪ್ಪ ತೋಟದಿಂದ ಬಂದ, ಚಿತ್ರ ನೋಡಿದ, ತಮ್ಮನ ಮುಖ ನೋಡಿದ. "ಅಯ್ಯನೋರು ಹೆಂಗ ಹೇಳ್ತಾರ ಹಂಗ," ಎಂದು ಕೈ ತೊಳೆಯಲು ಹೋದ. ಅವನು ಒಳ್ಳೆಯ ಮನುಷ್ಯ. ಕೆಡುಕು ಮಾಡಲೂ ಅವನಿಂದ ಆಗುತ್ತಿರಲಿಲ್ಲ, ಉಳಿದದ್ದೂ ಅಷ್ಟಕ್ಕಷ್ಟೆ.

"ಅಯ್ಯನೋರಿಗೆ ಹೇಳೂಕಿಂತ ಮೊದಲ ಫೋಟೋ ತಗದಾಂವನ್ನ ಕೇಳೂನು," ಎಂದಳು ಶಿವಗಂಗವ್ವ. "ಬೆಳಕ ಹಚ್ಚ್ಯಾನೋ ಇಲ್ಲೋ ಅಂತ ಇಲ್ಲಿ ಕುಂತ ನಮಗ ಹೆಂಗ ಗೊತ್ತಾಗ್ತೈತಿ? ಹೆಸರ ಐತಲ್ಲ ಇಲ್ಲಿ, ಮೂಲ್ಯಾಗ. ಆಬಾಸಾಹೇಬ, ಚಿಕ್ಕೋಡಿ."

ಹೆಸರು ಓದಿದ ಮೇಲೆ ಅವಳಿಗೆ ನೆನಪಾಯಿತು. ಮಾರ್ಗಶಿರದಲ್ಲಿ ಓಣಿಯ ಮದುವೆಗೆ ಚಿಕ್ಕೋಡಿಯಿಂದ ಫೋಟೋದವನು ಬಂದಿದ್ದ. ಅಕ್ಕಿಕಾಳು ಬಿದ್ದು ಊಟವಾದ ಮೇಲೆ ಬಹಳ ಹೊತ್ತು ಕಾಣೆಯಾಗಿ, ಬೀಗರ ಫೋಟೋ ತೆಗೆಯಲು ಅವನನ್ನು ಹುಡುಕಿ ಹುಡುಕಿ ಸಾಕಾಗಿತ್ತಂತೆ.

ಮರುದಿನ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು. ಉಗಾರದ ಹತ್ತಿರ ಕಬ್ಬಿನ ಗಾಡಿಗಳ ಸಾಲು ದಾರಿಯನ್ನೆಲ್ಲ ಹಿಡಿದಿತ್ತು. ಸಕ್ಕರೆ ಕಾರಖಾನೆಯ ಮಳಿ, ಆ ಹುಳಿತ ಕಾಕಂಬಿಯ ವಾಸನೆ ಬಸ್ಸಿನೊಳಗೆ ಬಂದು ಕೂತಿತು. ಶಿವಗಂಗವ್ವ ಸೆರಗು ಮೂಗಿಗೆ ಹಿಡಿದು, ಆ ಫೋಟೋದವನಿಗೆ ಬೈಯಬೇಕಾದ ಬೈಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತ ಬಂದಳು. ಚಿಕ್ಕೋಡಿ ಬರುವುದರೊಳಗೆ ಮಾಲೆ ಕಟ್ಟುವಷ್ಟಾಗಿದ್ದವು.

ಸ್ಟುಡಿಯೋ ಸಣ್ಣದು. ಮುಂದಿನ ಗೋಡೆಯಲ್ಲಿ ಮದುಮಕ್ಕಳು, ಜಾವಳದ ಕೂಸುಗಳು, ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದ ಹಿರಿಯರ ಹೆಣಗಳು. ಒಳಗೋಡೆಯಲ್ಲಿ ಬೇರೆಯೇ ತರಹದವು: ನಿಪ್ಪಾಣಿಯ ಖಾಲಿ ತಂಬಾಕಿನ ವಖಾರ, ರಾಯಬಾಗದ ವಾಡೆಯ ಪಡಸಾಲೆ, ಮಾಡು ಹಾರಿದ ಸಾಲೆ, ಬೂಜು ಹಿಡಿದ ಅಡ್ಡತೊಲೆಗಳು. ಸಣಕಲು ಮೈ, ಬಿಳಿ ಟೋಪಿ, ಐವತ್ತರ ಆಚೆಯ ಆಬಾಸಾಹೇಬ ಪರದೆಯ ಮುಂದೆ ಒಬ್ಬನ ಗದ್ದ ನೆಟ್ಟಗೆ ಮಾಡುತ್ತಿದ್ದ. ಆ ಗಿರಾಕಿ ಹೋದ ಮೇಲೆ ಶಿವಗಂಗವ್ವ ಒಳಗೋಡೆಯ ಕಡೆ ಕೈ ಮಾಡಿದಳು.

"ಇಷ್ಟ ಮನಿಯೊಳಗ ಒಂದರಾಗೂ ಮಂದಿ ಇಲ್ಲಲ್ರಿ?"

"ಮಂದಿ ಇದ್ರ ಮನಿ ಕಾಣಂಗಿಲ್ರಿ ಬಾಯಿ. ಮಂದಿ ಮಾರೀನ ಕಾಣ್ತೈತಿ."

"ಮತ್ತ ಮದವಿ ಫೋಟೋ?"

"ಅದು ಪೋಟಾಪಾಣಿರಿ. ಹೊಟ್ಟಿಪಾಡು."

"ನಾ ಐನಾಪುರದಾಕಿ. ನೀವು ಪೇಪರಿಗೆ ಕೊಟ್ಟೀರಲ್ಲ, ಆ ಹಾಳಮನಿ ಒಡತಿ."

ಆಬಾಸಾಹೇಬನ ಕೈಯಲ್ಲಿದ್ದ ಕ್ಯಾಮರಾದ ಮುಚ್ಚಳ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ಸ್ಟೂಲು ಎಳೆದು ಅವಳನ್ನು ಕೂರಿಸಿ ತಾನು ನಿಂತೇ ಕೇಳಿದ. ಅವಳು ನಕ್ಷತ್ರದಿಂದ ಹಿಡಿದು ಮಗಳ ಬಸಿರಿನವರೆಗೆ ಎಲ್ಲ ಹೇಳಿದಳು. ಕಟ್ಟಿಕೊಂಡು ಬಂದ ಬೈಗಳಲ್ಲಿ ಅರ್ಧದಷ್ಟು ಖರ್ಚಾದವು. ಎದುರಿಗಿರುವವನು ತಿರುಗಿ ಆಡದಿದ್ದರೆ ಉಳಿದರ್ಧಕ್ಕೆ ಗಿರಾಕಿ ಇರುವುದಿಲ್ಲ.

"ಚೂಕ ಆತ್ರಿ," ಎಂದ ಅವನು. "ಮುಳ್ಳ ನಾ ನೋಡ್ದ್ಯಾ. ನಾಯಿ ಹೋಗಬಾರ್ದಂತ ಹಚ್ಚಿರಬೇಕು ಅನ್ಕೊಂಡ್ಯಾ. ನಮ್ಮ ಮರಾಠರಾಗ ಇಂಥಾ ನಕ್ಷತ್ರದಾಗ ಹೋಗಿ ಪಂಚಕ ಬಂದ್ರ ಹಿಟ್ಟಿನ ಗೊಂಬಿ ಮಾಡಿ ಹೆಣದ ಕೂಡ ಸುಡ್ತೀವಿ, ಅಷ್ಟಕ್ಕ ಮುಗೀತು. ಮನಿ ಬಿಡ್ತಾರಂತ ನನಗೇನ ಗೊತ್ತು? ಹಿತ್ತಲ ತಗಡ ಸರಿಸಿ ಹೋದ್ಯಾ. ಒಳಗ ನೋಡಿದ್ರ ಆ ಬೆಳಕಿಂಡಿ... ಬಿಡ್ರಿ."

"ಗಡಿಗಿ?"

"ತಿಪ್ಪ್ಯಾಗ ಬಿದ್ದಿತ್ತು. ಚಪ್ಪಲೀನೂ. ಛಲೋ ಕಾಣ್ತಾವಂತ ತಂದಿಟ್ಟಿದ್ಯಾ."

"ಒಡಕ ಗಡಿಗಿ ಛಲೋ ಕಾಣ್ತೈತಿ? ನಿಮ್ಮ ಹೇಣ್ತಿ ಏನಂತಾಳ ಇದಕ್ಕ?"

"ಆಕಿ ಅನ್ನೂದು ಬಿಟ್ಟಾಳ್ರಿ."

ಕೊನೆಗೆ ಅವಳು ಬಂದ ಕೆಲಸ ಕೇಳಿದಳು. ಆ ಫಳಕ್ ಅನ್ನುವ ಬೆಳಕು ಹಚ್ಚಿದ್ದೆಯೋ? ಆಬಾಸಾಹೇಬನಿಗೆ ಅಲ್ಲಿಯತನಕ ಬರದ ಸಿಟ್ಟು ಆಗ ಬಂತು. ಹೋಳಿಗೆಯ ಹೂರಣಕ್ಕೆ ಬೆಳ್ಳುಳ್ಳಿ ಹಾಕಿದೆಯಾ ಎಂದು ಕೇಳಿದಂತಾಯಿತು. ಅಂಥ ಕೋಣೆಯಲ್ಲಿ ಫ್ಲ್ಯಾಶ್ ಹೊಡೆಯುವವನ ಕೈ ಮುರಿಯಬೇಕು, ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಬಿಸಿಲು ತಾನಾಗಿ ಹೊರಸಿನ ಮೇಲೆ ಬರುವತನಕ ಕಾದಿದ್ದೇನೆ, ಎಂದ.

"ಹಂಗಾದ್ರ ಇದನ್ನ ನಮ್ಮ ಅಯ್ಯನೋರ ಮುಂದ ಬಂದು ಹೇಳ್ರಿ. ಈಗ, ನನ್ನ ಕೂಡ."

ಅವನು ಶಟರ್ ಎಳೆದು ಹೊರಟೇಬಿಟ್ಟ. ತಪ್ಪು ಮಾಡಿ ಸಿಕ್ಕಿಬಿದ್ದ ಮನುಷ್ಯನಿಗೆ ಮಾಡಲು ಒಂದು ಕೆಲಸ ಕೊಟ್ಟರೆ ಜೀವ ಹಗುರವಾಗುತ್ತದೆ. ಬಸ್ಸಿನಲ್ಲಿ ಅವನ ಬಾಯಿ ಬಿಚ್ಚಿತು. ಚಿತ್ರ ಹೇಗೆ ತೆಗೆದೆ ಎಂಬುದನ್ನು ಅಡುಗೆ ಹೇಳಿದಂತೆ ಹೇಳತೊಡಗಿದ.

"ಬಿಸಲಕೋಲು ಬರೇ ಕಣ್ಣಿಗಿ ಕಂಡಂಗ ಕ್ಯಾಮರಾಕ್ಕ ಕಾಣಂಗಿಲ್ರಿ. ಅದಕ್ಕ ಗಾಳ್ಯಾಗ ಏನರ ತೇಲಬೇಕು. ಅದಕ್ಕ ನಾಕ ಊದಿನಕಡ್ಡಿ ಹಚ್ಚಿ ನಿಮ್ಮ ಒಲಿಯೊಳಗ ಸಿಗಸಿದ್ಯಾ. ಏನ ಹೊಗಿ ಬಂತಂತೀರಿ! ಕೋಲು ಹಿಡಕೊಂಡ ಮ್ಯಾಲ ಹತ್ತಬೇಕು, ಹಂಗ ಕಂಡ್ತು."

ಶಿವಗಂಗವ್ವ ತಟ್ಟನೆ ಅವನ ಕಡೆ ತಿರುಗಿದಳು. ಅವನಿಗೆ ತಾನೇನು ಹೇಳಿದೆ ಎಂಬುದು ತಿಳಿದದ್ದು ಸ್ವಲ್ಪ ಹೊತ್ತಿನ ಮೇಲೆ.

"ಅದೂ ಲೆಕ್ಕಕ್ಕ ಬರ್ತೈತೇನ್ರಿ?"

"ಕಿಚ್ಚಲ್ಲೇನು ಅದು?"

"ನಾ ಹೇಳಂಗಿಲ್ಲ ಬಿಡ್ರಿ," ಎಂದ ಆಬಾಸಾಹೇಬ ದನಿ ತಗ್ಗಿಸಿ. "ಫೋಟೋದಾಗ ಊದಿನಕಡ್ಡಿ ಕಾಣಂಗಿಲ್ಲ. ಯಾರಿಗಿ ಗೊತ್ತಾಗ್ತೈತಿ?"

ಅವನ ಮಾತು ನಿಜ. ಒಂದು ಸುಳ್ಳು ಹೇಳಿದರೆ ಮಾಘದಲ್ಲಿ ಮುಳ್ಳು ತೆಗೆಯಬಹುದು. ನಕ್ಷತ್ರದ ಮೇಲೆ ಅವಳಿಗೆ ಮೈದುನನಷ್ಟು ನಂಬಿಕೆ ಇತ್ತೆಂದೇನಲ್ಲ. ಐದೂ ಹೆಣ ಬಿದ್ದದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಆದರೆ ಕೂಸು ಹುಟ್ಟಿದ ಮೇಲೆ ಸೀನುತ್ತದೆ, ಕೆಮ್ಮುತ್ತದೆ, ಒಂದು ದಿನ ಮೊಲೆ ಹಿಡಿಯುವುದಿಲ್ಲ. ಪ್ರತಿ ಸೀನಿಗೂ ಈ ಊದಿನಕಡ್ಡಿ ನೆನಪಾಗುತ್ತದೆ. ಗೋಡೆಯಾಚೆ ವಿರುಪಾಕ್ಷಪ್ಪನಿಗೆ ಜ್ವರ ಬಂದರೂ ಅಷ್ಟೇ. ನಂಬದಿದ್ದವಳೂ ಬಾಣಂತಿಯ ಹಾಸಿಗೆಯ ಪಕ್ಕದಲ್ಲಿ ಕೂತಾಗ ನಂಬುತ್ತಾಳೆ. ಅಂಥ ಸುಳ್ಳು ಸೋವಿಯದಲ್ಲ.

"ಕೇಳಿದ್ರ ಇದ್ದದ್ದ ಹೇಳ್ರಿ," ಎಂದಳು.

ಆಮೇಲೆ ಅವಳು ಅವನ ಕೊರಳಿನ ತುಳಸಿ ಮಾಲೆ ನೋಡಿದಳು.

"ಪಂಢರಪುರಕ್ಕ ಹೋಗ್ತೀರೇನು?"

"ವರ್ಷಾ ವಾರಿ ತಪ್ಪಸಂಗಿಲ್ರಿ."

"ಅಂದ್ರ ಮನ್ಯಾಗ ಖಂಡ ಮಾಂಸ ಬೇಯಸೂದಿಲ್ಲ."

"ಛೇ ಛೇ. ನಮ್ಮಪ್ಪನ ಕಾಲದಿಂದ ಇಲ್ಲ."

"ಮನಿ ಎಲ್ಲೈತಿ? ಮಕ್ಕಳು?"

"ಸ್ಟುಡಿಯೋದ ಹಿಂದನ ಐತ್ರಿ. ಮಗಳನ್ನ ಮೀರಜಕ್ಕ ಕೊಟ್ಟೈತಿ. ನಾನೂ ರುಕ್ಮವ್ವ, ಇಬ್ಬರ. ಎರಡ ಕ್ವಾಣಿ, ಮ್ಯಾಲ ಒಂದ ಕತ್ತಲ ಕ್ವಾಣಿ. ಅದರಾಗ ಫೋಟೋ ತೊಳೀತೀನಿ."

"ಗಾಳಿ ಬರ್ತೈತೇನ ಅದರಾಗ?"

"ಗಾಳಿ ಎಲ್ಲಿಂದು, ಸೂಜಿ ಹೋಗುವಷ್ಟ ತೂತಿಲ್ರಿ."

"ದವಾಖಾನಿ?"

"ಕೂಗಳತಿ ದೂರ. ಯಾಕ್ರಿ?"

"ಸುಮ್ಮ ಕೇಳ್ದೆ," ಎಂದಳು ಶಿವಗಂಗವ್ವ.

ಇಳಿಹೊತ್ತಿಗೆ ಮುಳ್ಳು ಹಚ್ಚಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಅಯ್ಯನವರನ್ನು ಕೂರಿಸಿದರು. ಓಣಿಯ ನಾಲ್ಕು ಮಂದಿ ಬಂದರು. ವಿರುಪಾಕ್ಷಪ್ಪ ಟವೆಲ್ಲನ್ನು ಕೈಯಲ್ಲಿ ತಿರುಚುತ್ತ ಅಣ್ಣನ ಹಿಂದೆ ನಿಂತ. ಅಯ್ಯನವರು ಮುದುಕರು, ಸಾವಕಾಶದವರು. ಪೇಪರನ್ನು ಕಣ್ಣಿಗೆ ದೂರ ಹಿಡಿದು ನೋಡಿ, "ಚಿತ್ರ ಭಾಳ ಛಂದ ಐತಿ," ಎಂದರು. ಯಾರೂ ಅಷ್ಟೊತ್ತಿನವರೆಗೆ ಆ ಮಾತು ಆಡಿರಲಿಲ್ಲ. ಆಬಾಸಾಹೇಬ ಪೆಟ್ಟು ತಿಂದವನಂತೆ ತಲೆ ತಗ್ಗಿಸಿದ.

"ದೀಪ ಹಚ್ಚಿದ್ಯೇನಪಾ?"

"ಇಲ್ರಿ."

"ಮತ್ತೇನರ ಕಿಚ್ಚು?"

ಆಬಾಸಾಹೇಬ ಶಿವಗಂಗವ್ವನ ಕಡೆ ನೋಡಿದ. ಅವಳು ಬೇರೆ ಕಡೆ ನೋಡಲಿಲ್ಲ.

"ನಾ ಊದಿನಕಡ್ಡಿ ಹಚ್ಚಿದ್ಯಾರಿ. ಒಲಿಯೊಳಗ."

"ಒಲಿಯಾಗ ಯಾಕೋ ತಮ್ಮಾ, ಬ್ಯಾರೆ ಜಾಗ ಇರಲಿಲ್ಲೇನು!" ಎಂದರು ಅಯ್ಯನವರು ಬೇಸರದಿಂದ. ಕಿಚ್ಚು ಸಣ್ಣದೇ ಇರಲಿ, ಒಲೆಯಲ್ಲಿ ಹೊತ್ತಿಸಿದರೆ ಒಲೆ ಉರಿದಂತೆಯೇ. ಎಣಿಕೆ ಅವನು ಹಚ್ಚಿದ ದಿನದಿಂದ ಮತ್ತೆ ಹಿಡಿಯಬೇಕು. ಅಂದರೆ ಮಳೆಗಾಲದವರೆಗೆ ಮುಳ್ಳು ತೆಗೆಯುವಂತಿಲ್ಲ. ವಿರುಪಾಕ್ಷಪ್ಪ ದೊಡ್ಡದಾಗಿ ಉಸಿರು ಬಿಟ್ಟ. ಗೆದ್ದವನ ಉಸಿರಲ್ಲ ಅದು, ಹೆದರಿಕೆ ನಿಜವೆಂದು ಮುದ್ರೆ ಬಿದ್ದವನ ಉಸಿರು. "ನಾ ಏನ ಬೇಕಂತ ಹೇಳಲಿಲ್ರಿ ವೈನೀ," ಎಂದ ಮೆಲ್ಲಗೆ.

"ಗೊತ್ತೈತಿ ಬಿಡು," ಎಂದಳು ಶಿವಗಂಗವ್ವ. ಆಮೇಲೆ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಅಯ್ಯನವರ ಕಡೆ ತಿರುಗಿದಳು.

"ಅಪ್ಪಾರ, ಒಂದ ಮಾತ ಕೇಳ್ತೀನಿ. ಮಗಳ ಹೆರಿಗಿಗೆ ತವರಮನಿ ಇಲ್ಲಂದ್ರ ಸ್ವಾದರಮಾವನ ಮನಿ ನಡೀತೈತೇನ್ರಿ?"

"ನಡ್ಯಾಕೇನು, ತವರ ಮನಿಗಿಂತ ಒಂದ ಕೈ ಮ್ಯಾಲ. ಆದ್ರ ನಿನಗ ಅಣ್ಣತಮ್ಮರಿಲ್ಲಲ್ಲವಾ?"

"ಇಲ್ರಿ. ಅದಕ್ಕ ಇವತ್ತ ಒಬ್ಬನ್ನ ಕರಕೊಂಡು ಬಂದೀನಿ."

ಅವಳು ಆಬಾಸಾಹೇಬನ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ, ಮರಾಠಿಯಲ್ಲೇ ಅವನನ್ನು ದಾದಾ, ಅಂದರೆ ಅಣ್ಣಾ, ಎಂದು ಕರೆದಳು. ಕರೆದು ಸೆರಗು ಒಡ್ಡಿದಳು. ಆ ಜನದಲ್ಲಿ ಹೆಣ್ಣುಮಗಳೊಬ್ಬಳು ನಾಲ್ಕು ಮಂದಿಯ ಎದುರು ದಾದಾ ಎಂದು ಕರೆದು ಉಡಿ ಒಡ್ಡಿದರೆ ಗಂಡಸು ಬೆನ್ನು ತಿರುಗಿಸುವಂತಿಲ್ಲ. ಹಾಗೆ ತಿರುಗಿಸಿದವನನ್ನು ಪಂಢರಪುರದ ದಾರಿಯಲ್ಲಿ ಯಾರೂ ಪಕ್ಕ ಸೇರಿಸುವುದಿಲ್ಲ.

"ದಾದಾ, ನನ್ನ ಮನಿಗಿ ಹಾಳಮನಿ ಅಂದಿ. ಇರ್ಲಿ. ನನ್ನ ಒಲಿಯಾಗ ಕಿಚ್ಚ ಹಚ್ಚಿದಿ. ಅದೂ ಇರ್ಲಿ. ಈಗ ನನ್ನ ಮಗಳಿಗೆ ಮೂರ ತಿಂಗಳ ನಿನ್ನ ಕತ್ತಲಕ್ವಾಣಿ ಕೊಡು. ಕಾಳುಕಡಿ, ಆಳು ಎಲ್ಲಾ ನಮ್ಮದು. ನಿನ್ನ ಹೆಸರ ಮಾತ್ರ ನಿಂದು."

"ಮರಾಠರ ಮನ್ಯಾಗ ಬಾಣಂತನ?" ಎಂದು ಹಿಂದಿನಿಂದ ಯಾರೋ ಅಂದರು.

"ತುಳಸಿಮಾಲಿ ಹಾಕಿದ ಮಾಳಕರಿ ಮನಿ ಅದು, ಖಂಡ ಬೇಯಸಂಗಿಲ್ಲ," ಎಂದಳು ತಿರುಗಿ ನೋಡದೆ. "ನೀ ಅಮಾಸಿಗೊಮ್ಮೆ ಎಲ್ಲಿ ಹೋಗಿ ಏನ ತಿಂದ ಬರ್ತಿ ಅನ್ನೂದೂ ನನಗ ಗೊತ್ತೈತಿ."

ನಗೆ ಎದ್ದಿತು. ಅಯ್ಯನವರೂ ನಕ್ಕರು. ಆಬಾಸಾಹೇಬ ಜೇಬು ತಡಕಿ ನೋಡಿದ, ಉಡಿಗೆ ಹಾಕಲು ಏನೂ ಇರಲಿಲ್ಲ. ಧರೆಪ್ಪ ಅವತ್ತು ಮಾಡಿದ ಒಂದೇ ಕೆಲಸವೆಂದರೆ, ತನ್ನ ಜೇಬಿನಿಂದ ಎರಡು ಅಡಿಕೆ ತೆಗೆದು ಸುಮ್ಮನೆ ಅವನ ಕೈಯಲ್ಲಿಟ್ಟದ್ದು. ಆಬಾಸಾಹೇಬ ಅವನ್ನು ಅವಳ ಸೆರಗಿಗೆ ಹಾಕಿ, "ಆದ್ರ ಮನ್ಯಾಗ ಒಂದ ಮಾತ ಕೇಳಬೇಕ್ರಿ," ಎಂದ.

"ಕೇಳೂನು. ನಾಳಿಗಿ ನಾನೂ ಬರ್ತೀನಿ."

ಮರುದಿನ ಚಿಕ್ಕೋಡಿಯಲ್ಲಿ ರುಕ್ಮವ್ವ ಎಲ್ಲವನ್ನೂ ಕೇಳಿ ಗಂಡನನ್ನು ಒಮ್ಮೆ ನೋಡಿದಳು. "ಜನ್ಮೆಲ್ಲಾ ಹಾಳಮನಿ ಹುಡಿಕ್ಕೋತ ಅಡ್ಡಾಡಿದಿ. ಒಮ್ಮೆರ ಮನಿಗಿ ಜೀವ ಇದ್ದದ್ದು ಏನರ ತಂದ್ಯಲ್ಲ," ಎಂದು ಅಂದೇ ಕತ್ತಲಕೋಣೆಯ ಬಾಟಲಿಗಳನ್ನು ಇಳಿಸಲು ಹತ್ತಿದಳು. ಔಷಧಿಯ ಹುಳಿ ವಾಸನೆ ಹೋಗಲು ಇಬ್ಬರು ಹೆಂಗಸರೂ ಗೋಡೆಗೆ ಸುಣ್ಣ ಬಳಿದರು, ನೆಲ ತಿಕ್ಕಿದರು, ಲೋಬಾನ ಹಾಕಿದರು. ಚಿತ್ರ ದೊಡ್ಡದು ಮಾಡುವ ಯಂತ್ರ ಅಡುಗೆಮನೆಯ ಮೂಲೆಗೆ ಬಂದು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕೂತಿತು. ಬೋರಗಾಂವದ ಬೀಗಿತಿ ಬಂದು ಮನೆ ನೋಡಿದಳು, ದವಾಖಾನೆಯ ದೂರ ನೋಡಿದಳು, ಹೇಳಲು ಏನೂ ಸಿಗದೆ ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದಳು.

ಹೋಳಿ ಮುಗಿದು ಮೂರನೆಯ ದಿನ ಸಾವಿತ್ರೆವ್ವ ಹೆಣ್ಣು ಹೆತ್ತಳು. ತಾಯಿ, ಕೂಸು ಎರಡೂ ಗಟ್ಟಿ. ಅದು ಮದುವೆಯ ಕಾಲ. ಆಬಾಸಾಹೇಬ ರೋಲುಗಳನ್ನು ಚೀಲದಲ್ಲಿ ತುಂಬಿಕೊಂಡು ನಿಪ್ಪಾಣಿಯಲ್ಲಿ ಇನ್ನೊಬ್ಬನ ಕೋಣೆಯಲ್ಲಿ ತೊಳೆದು ತರುತ್ತಿದ್ದ. ತನ್ನ ಕೋಣೆಯ ಬಾಗಿಲು ಬಡಿಯಲೂ ಅವನಿಗೆ ಧೈರ್ಯವಿರಲಿಲ್ಲ.

ಹೆಸರಿಡುವುದು ಹತ್ತಿರ ಬಂದಾಗ ಶಿವಗಂಗವ್ವ ಬಾಗಿಲ ಸಂದಿಯಿಂದಲೇ ಹೇಳಿದಳು: "ದಾದಾ, ತೊಟ್ಟಲಾ ಬಾಣಂತೀ ಸ್ವಾದರಮಾವ ತರಬೇಕು. ಗೊತ್ತೈತೋ ಇಲ್ಲೋ?"

ಅವನು ತಂದ. ಸಾಗವಾನಿ, ಗಿಳಿ ಕೆತ್ತಿದ್ದು. ಆದರೆ ಅದು ಬಾಗಿಲಲ್ಲಿ ಹೋಗಲಿಲ್ಲ. ಬೆಳಕು ನುಸುಳಬಾರದೆಂದು ತಾನೇ ನಿಂತು ಇಕ್ಕಟ್ಟಾಗಿ ಮಾಡಿಸಿದ ಬಾಗಿಲು, ಸುತ್ತ ರಬ್ಬರಿನ ಪಟ್ಟಿ. ತೊಟ್ಟಿಲನ್ನು ಅಡ್ಡ ಹಿಡಿದರು, ಉದ್ದ ಹಿಡಿದರು. ತೊಟ್ಟಿಲು ತಂದ ಬಡಿಗ, "ಚೌಕಟ್ಟ ಕಿತ್ತರ ಹೋದೀತ್ರಿ. ಆಮ್ಯಾಲ ಅದ ಮೊದಲಿನಂಗ ಬಿಗಿ ಕೂಡೂದಿಲ್ಲ, ಮತ್ತ," ಎಂದ.

ಆಬಾಸಾಹೇಬ ಚೌಕಟ್ಟಿನ ಮೇಲೆ ಕೈ ಆಡಿಸುತ್ತ ನಿಂತ. ಒಳಗಿನಿಂದ ಶಿವಗಂಗವ್ವ ಅವನನ್ನೇ ನೋಡುತ್ತಿದ್ದಳು. ಬೇರೆ ತೊಟ್ಟಿಲು ತರೋಣ ಎಂದು ಅವನು ಹೇಳಿದ್ದರೆ ಅವಳು ಒಪ್ಪುತ್ತಿದ್ದಳು. ಆದರೆ ತಾನಾಗಿ ಬಾಯಿ ಬಿಡಲಿಲ್ಲ.

"ಕೀಳು," ಎಂದ ಅವನು.

ಬಡಿಗ ಹಾರೆ ಹಾಕಿದ. ಶಿವಗಂಗವ್ವ ಎರಡು ಕೌದಿ ತಂದು, ಗಾಳಿ ತಾಗದಂತೆ, ಬಾಣಂತಿಗೆ ಅಡ್ಡ ಹಿಡಿದಳು.